ವಿಶಾಖಾಳ ಮಂಚಕ್ಕೆ ಕಪ್ಪು ಬಳಿದದ್ದು

ಜೋಗುಪಾಳ್ಯ
೬ ಜುಲೈ ೨೦೨೫, ಭಾನುವಾರ

ಪ್ರೀತಿಯ ಕಮರೂ,

ಬಕ್ರೀದಿಗೆ ಮೊದಲು ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಬೈದರೂ ಸರಿ, ಈಗೀಗ ಯಾರು ಏನಂದರೂ ನನಗೆ ತಟ್ಟುವುದಿಲ್ಲ. ನಿನ್ನ ಸೊಂಟ ಹೇಗಿದೆ? ಮೊನ್ನೆ ಹಲಸೂರು ಮಾರ್ಕೆಟ್ಟಿನಲ್ಲಿ ನಿನ್ನ ಮಗ ಫೈಸಲ್ ಸಿಕ್ಕಿದ್ದ. "ಅಮ್ಮಿ ವಾಕರ್ ಹಿಡ್ಕೊಂಡು ಬಾಲ್ಕನಿ ತನಕ ಬರ್ತಾರೆ ಆಂಟಿ, ಅಲ್ಲೇ ಕೂತು ರಸ್ತೇಲಿ ಹೋಗೋರನ್ನೆಲ್ಲ ಬೈತಾ ಇರ್ತಾರೆ" ಅಂದ. ಸಮಾಧಾನವಾಯಿತು. ನೀನು ಬೈಯುವುದನ್ನು ನಿಲ್ಲಿಸಿದ್ದರೆ ಹೆದರಬೇಕಿತ್ತು.

ಫೋನ್ ಮಾಡೋಣ ಅಂತ ಎಷ್ಟೋ ಸಲ ಕೈಗೆತ್ತಿಕೊಂಡು ಇಟ್ಟುಬಿಟ್ಟೆ. ನಿನಗೆ ಕಿವಿ ಮಂದ. ನಿನ್ನ ಸೊಸೆ ಉಮ್ಮೆ ಕುಲ್ಸುಂ ಪಾಪ ಒಳ್ಳೆಯದಕ್ಕೇ ಸ್ಪೀಕರ್ ಹಾಕುತ್ತಾಳೆ. ಆಮೇಲೆ ನಾನು ಹೇಳಿದ್ದನ್ನು ನಿಮ್ಮ ಮನೆ, ಕೆಳಗಿನ ಮನೆ, ಎದುರಿನ ಹಾಲಿನ ಬೂತು ಎಲ್ಲ ಕೇಳಿಸಿಕೊಳ್ಳುತ್ತದೆ. ಈ ಕಡೆ ನಮ್ಮ ಮನೆಯೂ ಅಷ್ಟೇ, ಅಡುಗೆಮನೆಯಲ್ಲಿ ನಿಟ್ಟುಸಿರು ಬಿಟ್ಟರೆ ನಡುಮನೆಯಿಂದ ಅತ್ತೆ "ಏನಾಯ್ತೇ?" ಅನ್ನುತ್ತಾರೆ. ಕಾಗದವಾದರೆ ವಾಸಿ. ನಿನ್ನ ಸೊಸೆಗೆ ಕನ್ನಡ ಓದಲು ಬರುವುದಿಲ್ಲ, ನಮ್ಮತ್ತೆಗೆ ಏನನ್ನೂ ಓದಲು ಬರುವುದಿಲ್ಲ.

ಸುದ್ದಿ ಏನೆಂದರೆ, ಮನೆಯಲ್ಲಿ ಬಣ್ಣ ಬಳಿಯುತ್ತಿದ್ದೇನೆ. ಗೋಡೆಗಲ್ಲ, ಮಂಚಕ್ಕೆ. ಕಪ್ಪು ಬಣ್ಣ. ನೀನು "ಯಾ ಅಲ್ಲಾ" ಅಂದದ್ದು ಇಲ್ಲಿಗೇ ಕೇಳಿಸಿತು.

ನಮ್ಮ ದೊಡ್ಡ ಮಗಳು ವಿಶಾಖಾಳ ಮದುವೆಯಲ್ಲಿ ನಾವು ಕೊಟ್ಟ ಮಂಚ ಅದು. ತಲೆಯ ಕಡೆಗೆ ನವಿಲು ಬೇಡ, ಬಳ್ಳಿಯೇ ಬೇಕು ಅಂತ ಶಿವಾಜಿನಗರದ ಅಂಗಡಿಯವನ ಜೊತೆ ಅರ್ಧ ದಿನ ಜಗಳವಾಡಿ ಕೆತ್ತಿಸಿದವಳು ನೀನೇ ಅಲ್ಲವಾ, ಅದೇ ಮಂಚ. ಅದರ ಜೊತೆಗೆ ಡ್ರೆಸ್ಸಿಂಗ್ ಟೇಬಲ್, ಟೀಪಾಯಿ, ಎರಡು ಕುರ್ಚಿ. ಎಲ್ಲವೂ ರಾಮಮೂರ್ತಿ ನಗರದಲ್ಲಿ ಅವರ ಬಾಡಿಗೆ ಮನೆಯಲ್ಲಿದ್ದವು. ಹೋದ ನವೆಂಬರಿನಲ್ಲಿ ಜ್ವರ ಬಂದು ವಿಶಾಖಾ ಹೋದ ಮೇಲೆ ಅಳಿಯ ಸುಗತ ಮಗು ಮೈತ್ರಿಯನ್ನು ಕಟ್ಟಿಕೊಂಡು ಒಬ್ಬನೇ ಇರಲಾಗದೆ ನಿಮ್ಮ ಕೆ.ಆರ್. ಪುರಂನಲ್ಲೇ ಇರುವ ಅವರಮ್ಮನ ಮನೆಗೆ ಹೋದ. ಅಲ್ಲಿ ಜಾಗವಿಲ್ಲ. ಏಪ್ರಿಲ್‌ನಲ್ಲಿ ಬೀಗಿತ್ತಿ ಫೋನ್ ಮಾಡಿ, "ಭಾಗ್ಯಮ್ಮ, ಸಾಮಾನು ಸದ್ಯಕ್ಕೆ ನಿಮ್ಮನೇಲಿ ಇಟ್ಕೊಂಡಿರಿ. ಆಮೇಲೆ ಹೆಂಗೂ ಬರುತ್ತಲ್ಲ" ಅಂದರು. ನಾನು ಹೂಂ ಅಂದೆ.

ಆಗ ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ ಕಮರೂ. ಗ್ಯಾಸಿನವನು ನಾಳೆ ಬರ್ತೀನಿ ಅಂದರೆ ಹೂಂ, ಪಕ್ಕದ ಮನೆಯವಳು ನಿಮ್ಮ ನೀರಿನ ಪೈಪ್ ಸೋರ್ತಿದೆ ಅಂದರೆ ಹೂಂ. ಆಸ್ಪತ್ರೆಯಲ್ಲಿ ಡಾಕ್ಟರು ಆಚೆ ಬಂದು ಹೇಳಿದಾಗಲೂ ನಾನು ಹೂಂ ಅಂದೆನಂತೆ. ನನಗೆ ನೆನಪಿಲ್ಲ, ನಮ್ಮ ಯಜಮಾನರು ಹೇಳಿದ್ದು.

ನಿಮ್ಮವರಲ್ಲಿ ಹೇಗೋ ಗೊತ್ತಿಲ್ಲ. ನಮ್ಮ ಬಳಗದ ಹಿರಿಯರ ಲೆಕ್ಕ ಹೀಗೆ. ಮದುವೆಯಾದ ಹುಡುಗಿ ತೀರಿಕೊಂಡಾಗ ಅವಳ ಸೀರೆ, ಪಾತ್ರೆ, ಮಂಚ ಎಲ್ಲವನ್ನೂ ಒಟ್ಟಿಗೆ ತವರಿಗೆ ಕಳಿಸಿದರೆ ಸಂಬಂಧ ಮುಗಿಯಿತು ಅಂತ. ಪಾತ್ರೆ, ಸೀರೆಗಳನ್ನು ಅಲ್ಲೇ ಇಟ್ಟುಕೊಂಡು ಮಂಚ ಮಾತ್ರ ಕಳಿಸಿದರೆ, ಆ ಮಂಚದ ಮೇಲೆ ಇನ್ನೊಬ್ಬ ಮಗಳನ್ನು ಕೇಳುತ್ತಿದ್ದಾರೆ ಅಂತ. ತವರಿನವರು ಅದನ್ನು ಮನೆಯೊಳಗೆ ಬಿಟ್ಟುಕೊಂಡರೆ ಒಪ್ಪಿದ ಹಾಗೆ. ಚಿಕ್ಕಂದಿನಿಂದ ಕೇಳಿಕೊಂಡು ಬಂದ ಪದ್ಧತಿ ಇದು, ಆ ದಿನ ತಲೆಗೇ ಬರಲಿಲ್ಲ. ಟೆಂಪೋ ಬಂತು. ಮಂಚ ನಮ್ಮ ಮೆಟ್ಟಿಲು ಹತ್ತಲಿಲ್ಲ, ಬಿಚ್ಚಿ ಹತ್ತಿಸಿದರು. "ಸ್ವಲ್ಪ ಎಡಕ್ಕೆ, ಗೋಡೆಗೆ ತಾಗುತ್ತೆ" ಅಂತ ನಾನೇ ನಿಂತು ಹೇಳಿದೆ. ಪಾತ್ರೆ ಯಾಕೆ ಬಂದಿಲ್ಲ ಅಂತ ಕೂಡ ಕೇಳಲಿಲ್ಲ. ನಮ್ಮಲ್ಲಿ ಬುದ್ಧಿ ನೆಟ್ಟಗಿರುವ ಯಾವ ಹೆಂಗಸೂ ಮಾಡದ ತಪ್ಪು.

ಗೊತ್ತಾದದ್ದು ಬುದ್ಧ ಪೂರ್ಣಿಮೆಯ ದಿನ ವಿಹಾರದಲ್ಲಿ. ಪಾಯಸದ ಸಾಲಿನಲ್ಲಿ ನಿಂತಿದ್ದೆ. ದೂರದ ನೆಂಟಳೊಬ್ಬಳು ಕೈ ಹಿಡಿದುಕೊಂಡು, "ಚಿಕ್ಕೋಳು ಪೂಜಿತಾನ ಸುಗತಂಗೇ ಕೊಡ್ತಿದ್ದೀರಂತಲ್ಲಕ್ಕ, ಒಳ್ಳೇದ್ ಮಾಡಿದ್ರಿ ಬಿಡಿ. ಮಂಚಾನೂ ಆಗ್ಲೇ ತಂದಿಟ್ಕೊಂಡಿದ್ದೀರಂತೆ" ಅಂದಳು. ನಾನು ಅದಕ್ಕೂ ಹೂಂ ಅಂದು ಪಾಯಸ ಹಾಕಿಸಿಕೊಂಡು ಬಂದೆ. ಕುಡಿದು ಲೋಟ ಕೆಳಗಿಟ್ಟ ಮೇಲೆ ಅರ್ಥವಾಯಿತು.

ಮನೆಗೆ ಬಂದು ಇವರಿಗೆ ಹೇಳಿದರೆ, "ಗೊತ್ತು" ಅಂದರು. ಇವರ ಹತ್ತಿರ ಬೀಗಿತ್ತಿ ಮೊದಲೇ ಮಾತಾಡಿದ್ದರಂತೆ. "ನೋಡು ಭಾಗ್ಯಾ, ಪೂಜಿ ಹೋದ್ರೆ ಮೈತ್ರಿ ನಮ್ ಮಗುವಾಗೇ ಇರುತ್ತೆ. ಬೇರೆ ಯಾರೋ ಬಂದ್ರೆ ಆ ಮಗುಗೆ ನಾವು ಯಾರು?" ಅಂದರು. ವಿಶಾಖಾ ಬಿಟ್ಟುಹೋದದ್ದು ಆ ಒಂದು ಮಗು. ಅತ್ತೆಯೂ "ಗೊತ್ತಿರೋ ಗಂಡು, ಕುಡಿಯಲ್ಲ, ಹೊಡೆಯಲ್ಲ, ಇನ್ನೇನ್ ಬೇಕು?" ಅಂದರು. ಬೀಗಿತ್ತಿಯಂತೂ ಫೋನಿನಲ್ಲಿ ಧರ್ಮವನ್ನೇ ತಂದರು. "ಮಾಯಾದೇವಿ ಹೋದ್ಮೇಲೆ ಸಿದ್ಧಾರ್ಥನ್ನ ಸಾಕಿದ್ಯಾರು? ತಂಗಿ ಗೌತಮಿ ಅಲ್ವಾ? ಅವಳೂ ಅಕ್ಕನ ಗಂಡಂಗೇ ಹೆಂಡ್ತಿ ಅಲ್ವಾ?" ಬುದ್ಧನ ಮನೆಯವರ ವಿಷಯ ತೆಗೆದರೆ ನಾನೇನು ವಾದ ಮಾಡಲಿ? ಅದೇ ಬೀಗಿತ್ತಿ ಆಷಾಢದಲ್ಲಿ ಶುಭದ ಮಾತು ಬೇಡ ಅಂತ ಶ್ರಾವಣಕ್ಕೆ ಕಾಯುತ್ತಿದ್ದಾರೆ. ಬೇಕಾದಾಗ ಪಂಚಶೀಲ, ಬೇಕಾದಾಗ ಪಂಚಾಂಗ.

ಸುಗತ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! ಒಳ್ಳೆಯ ಹುಡುಗ. ಬಂದರೆ ಮೂಲೆಯಲ್ಲಿ ಕೂರುತ್ತಾನೆ, ಕೊಟ್ಟದ್ದು ತಿನ್ನುತ್ತಾನೆ, ಹೋಗುತ್ತಾನೆ. ಅವನ ಮುಖ ನೋಡಿದರೆ ಅವನನ್ನೂ ಯಾರೂ ಕೇಳಿಲ್ಲ ಅನ್ನಿಸುತ್ತದೆ.

ಪೂಜಿತಾಳನ್ನು ಅವರಪ್ಪ ಊಟದ ಹೊತ್ತಿನಲ್ಲಿ ಕೇಳಿದರು. "ಏನಮ್ಮಾ, ನಿಂದೇನು?" ಅವಳು ತಟ್ಟೆ ನೋಡಿಕೊಂಡು ಹೂಂ ಅಂದಳು. ಮಾರತ್ತಹಳ್ಳಿಯ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕಸ್ಟಮರ್‌ಗಳಿಗೆ "ಈಗ ಕ್ಲಿಯರ್ ಇದೆಯಾ ಸರ್, ಈಗ?" ಅಂತ ಬಿಡದೆ ಕೇಳುವ ಹುಡುಗಿ. ಮನೆಯಲ್ಲಿ ಅವಳ ಬಾಯಿಂದ ಒಂದು ಹೂಂ. ಅದು ನನ್ನದೇ ಹೂಂ, ನನಗೆ ಗುರುತು ಸಿಕ್ಕಿತು. ಆದರೂ ನಾನು ಎದ್ದು ಸಾರು ಬಡಿಸಿದೆ.

ಈಗ ಬಣ್ಣದ ವಿಷಯ. ಇಂದಿರಾನಗರದಲ್ಲಿ ನಾನು ಕೆಲಸಕ್ಕೆ ಹೋಗುವ ಸುಕನ್ಯ ಮೇಡಂ ಅಂಗಡಿ ನಿನಗೆ ಗೊತ್ತಲ್ಲ, ಹಳೆಯ ಮೇಜು ಕುರ್ಚಿಗೆ ಬಣ್ಣ ಹಾಕಿ ಹೊಸದು ಮಾಡಿ ಮಾರುವುದು. ಅಲ್ಲಿ ಬಳಿಯುವುದು ಚಾಕ್ ಪೇಂಟ್. ಹೊಳೆಯುವುದಿಲ್ಲ, ನಾವು ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಬರೆಯುತ್ತಿದ್ದ ಸ್ಲೇಟಿನ ಥರ ಮಂಕಾಗಿ ಕೂರುತ್ತದೆ. ಹಳೆಯ ಪಾಲಿಶ್ ತೆಗೆಯುವ ರಗಳೆಯಿಲ್ಲ, ಅದರ ಮೇಲೇ ಹಿಡಿಯುತ್ತದೆ. ಇಂದಿರಾನಗರದವರಿಗೆ ಕಪ್ಪು ಅಂದರೆ ಪ್ರಾಣ. ಬಿಳಿ ಗೋಡೆ, ಕಪ್ಪು ಬೀರು, ಅದರ ಮೇಲೊಂದು ಗಿಡ, ಅಷ್ಟಿದ್ದರೆ ಸಾಕು, "ವಾವ್" ಅನ್ನುತ್ತಾರೆ. ಒಂದು ಸ್ಟಾಪ್ ಈಚೆ ನಮ್ಮ ಜೋಗುಪಾಳ್ಯದಲ್ಲಿ ಕಪ್ಪು ದಾರವೂ ದೃಷ್ಟಿಗೆ ಮಾತ್ರ.

ಡಬ್ಬಗಳ ತಳದಲ್ಲಿ ಉಳಿದ ಕಪ್ಪನ್ನು ಕೇಳಿದೆ. "ಯಾರ ಮನೆಗೆ ಅಕ್ಕ?" ಅಂದರು ಮೇಡಂ. "ನಮ್ಮನೆಗೆ" ಅಂದೆ. ಖುಷಿಪಟ್ಟು ಒಳ್ಳೆಯ ಬ್ರಷ್‌ಗಳನ್ನೂ ಕೊಟ್ಟರು.

ಮೊದಲು ಸೋಪಿನ ನೀರಿನಲ್ಲಿ ಜಿಡ್ಡು ತೆಗೆಯಬೇಕು. ಮಂಚದ ತಲೆಯ ಕಡೆ, ವಿಶಾಖಾ ಒರಗಿ ಕೂರುತ್ತಿದ್ದ ಜಾಗದಲ್ಲಿ, ಕೊಬ್ಬರಿ ಎಣ್ಣೆಯ ಗುರುತಿತ್ತು. ಉಜ್ಜಿದೆ. ಹೋಯಿತು. ಆಗಲಾದರೂ ಅಳು ಬರಬೇಕಿತ್ತು ಅಂತ ಈಗ ಬರೆಯುವಾಗ ಅನ್ನಿಸುತ್ತದೆ. ಬರಲಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಾಗಿತ್ತು. ಬಟ್ಟೆ ಹಿಂಡಿದೆ, ಒಣಗಲು ಬಿಟ್ಟೆ, ಕಾಫಿ ಕುಡಿದೆ, ಬಳಿಯಲು ಕೂತೆ. ಮೊದಲನೇ ಕೋಟಿನಲ್ಲಿ ಮರ ಅಲ್ಲಲ್ಲಿ ಇಣುಕುತ್ತದೆ, ಕೊಳಕಾಗಿ ಕಾಣುತ್ತದೆ. ಎರಡನೆಯದಕ್ಕೆ ಎಲ್ಲ ಮುಚ್ಚುತ್ತದೆ. ನೀನು ಜಗಳವಾಡಿ ಕೆತ್ತಿಸಿದ ಬಳ್ಳಿಯ ಸಂದಿಗಳಿಗೆ ಸಣ್ಣ ಬ್ರಷ್ ಬೇಕಾಯಿತು, ಅದಕ್ಕೂ ನಿನ್ನನ್ನು ಬೈದುಕೊಂಡೆ.

ಅತ್ತೆ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡರು. "ಅಯ್ಯೋ, ನಿನ್ ಕೈಗೇನ್ ಬಂದೈತೇ? ಮನೇನ ಮಸಿ ಗೂಡು ಮಾಡ್ತಿದ್ದೀಯಲ್ಲ! ಕರೀ ಮಂಚದ ಮೇಲೆ ಯಾವ ಹೆಣ್ಣನ್ನ ಕೂರಿಸ್ತಾರೆ?"

ನಿಜ ಹೇಳಲಾ? ಅಲ್ಲಿಯವರೆಗೂ ಯಾಕೆ ಬಳಿಯುತ್ತಿದ್ದೇನೆ ಅಂತ ನನಗೇ ನೆಟ್ಟಗೆ ಗೊತ್ತಿರಲಿಲ್ಲ. ಕಣ್ಣಿಗೆ ಬೀಳದಿದ್ದರೆ ಸಾಕು ಅಂದುಕೊಂಡಿದ್ದೆ. "ಯಾರನ್ನೂ ಕೂರಿಸಲ್ಲ ಅತ್ತೆ" ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಸಂಜೆ ಪೂಜಿತಾ ಕೆಲಸದಿಂದ ಬಂದಳು. ನೋಡಿದಳು. ಬ್ಯಾಗು ಇಟ್ಟು, ಹಳೆಯ ನೈಟಿ ಹಾಕಿಕೊಂಡು, ಇನ್ನೊಂದು ಬ್ರಷ್ ತಗೊಂಡು ಡ್ರೆಸ್ಸಿಂಗ್ ಟೇಬಲ್ ಮುಂದೆ ಕೂತಳು. ಕನ್ನಡಿಯ ಚೌಕಟ್ಟು ಮುಗಿಸಿದಳು. ಆಮೇಲೆ, "ಡ್ರಾಯರ್ ಒಳಗೂ ಬಳೀಬೇಕಾ ಅಮ್ಮ?" ಅಂದಳು. "ಕಾಣಲ್ಲ, ಬೇಡ" ಅಂದೆ. ಅವಳು ಒಳಗೂ ಬಳಿದಳು. ತಳವನ್ನೂ ತಿರುಗಿಸಿ ಬಳಿದಳು. ಬಳಿಯುತ್ತಲೇ, "ಅವತ್ತು ನಾನು ಹೂಂ ಅಂದಿದ್ದು, ನೀನು ಬೇಡ ಅಂತೀಯ ಅಂತ ಕಾಯ್ಕೊಂಡು. ನೀನು ಸಾರು ಬಡಿಸ್ದೆ" ಅಂದಳು.

ಕಮರೂ, ಇದಕ್ಕೆ ಯಾವ ತಾಯಿ ಏನು ಹೇಳಬೇಕು? ನಾನು ಬ್ರಷ್ ಅದ್ದಿ ಮತ್ತೆ ಬಳಿದೆ.

ಶ್ರಾವಣದ ಮೊದಲ ಭಾನುವಾರ ಅವರು ಬರುತ್ತಾರೆ, ದಿನ ಗೊತ್ತು ಮಾಡಲು. ವಿಶಾಖಾ ಹೋಗಿ ವರ್ಷ ತುಂಬುವುದರೊಳಗೆ ಮದುವೆ ಮುಗಿಸಬೇಕಂತೆ. ಅಷ್ಟರಲ್ಲಿ ಕುರ್ಚಿ, ಟೀಪಾಯಿಯನ್ನೂ ಮುಗಿಸುತ್ತೇನೆ. ಕುಲ್ಸುಂಗೆ, ಫೈಸಲ್‌ಗೆ ನನ್ನ ಆಶೀರ್ವಾದ. ಮಾತ್ರೆಗಳನ್ನು ದಿಂಬಿನ ಕೆಳಗೆ ಬಚ್ಚಿಡಬೇಡ, ನುಂಗು.

ನಿನ್ನ,
ಭಾಗ್ಯಾ


ಜೋಗುಪಾಳ್ಯ
೩ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಕಮರೂ,

ನಿನ್ನ ಕಾಗದ ಬೇಗನೆ ಬಂತು, ಉತ್ತರ ಮತ್ತೆ ನನ್ನಿಂದಲೇ ತಡ. ಚೆನ್ನಾಗಿ ಉಗಿದಿದ್ದೀಯ. "ಬೇಡ ಅನ್ನೋಕೆ ದೇವರು ಬಾಯಿ ಕೊಟ್ಟಿದ್ದಾನೆ, ಬ್ರಷ್ ಯಾಕೆ ಹಿಡ್ಕೊಂಡೆ ದೀವಾನಿ?" ಅಂತ ಬರೆದಿದ್ದೆಯಲ್ಲ, ಅದನ್ನು ಪೂಜಿತಾಗೆ ಓದಿ ಹೇಳಿದೆ. ನಕ್ಕಳು. ಅವಳು ನಕ್ಕದ್ದು ನೋಡಿ ಎಷ್ಟು ಕಾಲವಾಗಿತ್ತೋ.

ಮನೆಯ ಬಣ್ಣದ ಕೆಲಸ ಮುಗಿಯಿತು. ಈಗ ನೀನು ಬಂದರೆ ಬಾಗಿಲು ತಪ್ಪಿ ಬಂದೆ ಅಂದುಕೊಳ್ಳುತ್ತೀಯ. ಕಪ್ಪು ಸಾಮಾನಿಗೆ ಹಳೆಯ ಹಸಿರು ಗೋಡೆ ಹೊಂದಲಿಲ್ಲ ಅಂತ ಪೂಜಿತಾ ಹಠ ಹಿಡಿದು ಬಿಳಿ ಸುಣ್ಣ ಹೊಡೆಸಿದಳು. ಶಿವಾಜಿನಗರದ ಗುಜರಿಯಿಂದ ಡ್ರೆಸ್ಸಿಂಗ್ ಟೇಬಲ್ಲಿಗೆ ಹಿತ್ತಾಳೆ ಹಿಡಿಗಳನ್ನು ಆರಿಸಿ ತಂದು, ಹುಣಸೆಹಣ್ಣು ಹಾಕಿ ತಿಕ್ಕಿ ಜೋಡಿಸಿದಳು. ಟೀಪಾಯಿಯನ್ನು ನಡುಮನೆಯ ಗೋಡೆಗೆ ಒತ್ತಿ ಇಟ್ಟು, ಅದರ ಮೇಲೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ. ಅವರ ನೀಲಿ ಕೋಟು ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಕಿಟಕಿಗೆ ಅರಿಶಿನ ಬಣ್ಣದ ಪರದೆ. ಹೊಗಳಿಕೊಳ್ಳಬಾರದು, ಆದರೆ ಚೆನ್ನಾಗಿದೆ. ಸುಕನ್ಯ ಮೇಡಂ ಬಂದು ಎಲ್ಲ ಕೋನದಿಂದ ಫೋಟೋ ಹೊಡೆದು ಅಂಗಡಿಯ ಪೇಜಿಗೆ ಹಾಕಿದರು. ಯಾರ್ಯಾರೋ ಹಾರ್ಟ್ ಹಾಕಿದ್ದಾರೆ. "ಸೋ ಕಾಮ್" ಅಂತ ಬರೆದಿದ್ದಾರೆ. ಪೂಜಿತಾ ಅರ್ಥ ಹೇಳಿದಳು, ಎಷ್ಟು ಶಾಂತವಾಗಿದೆ ಅಂತ. ಇರಬಹುದು. ಈ ಮನೆಯಲ್ಲಿ ಗದ್ದಲ ಮಾಡಲು ಯಾರಿಗೂ ಶಕ್ತಿಯಿಲ್ಲ.

ಅತ್ತೆ ಒಂದು ವಾರ ಆ ರೂಮಿಗೆ ಕಾಲಿಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನೋಡಿದರೆ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. "ಏನತ್ತೆ, ಮಸಿ ಗೂಡು ಅಂದ್ರಿ?" ಅಂದೆ. "ಬೆನ್ನಿಗೆ ಬಣ್ಣ ಗೊತ್ತಾಗ್ತದೇನೇ?" ಅಂದು ಮಗ್ಗುಲಾದರು.

ಹೋದ ಭಾನುವಾರ ಅವರು ಬಂದರು. ಬೀಗಿತ್ತಿ, ಬೀಗಿತ್ತಿಯ ಅಣ್ಣ, ಸುಗತ. ಹೂವು, ಹಣ್ಣು, ಒಂದು ಹೊಸ ಸೀರೆ. ನಡುಮನೆಯಲ್ಲಿ ಆ ಕುರ್ಚಿಗಳ ಮೇಲೆಯೇ ಕೂತರು, ಹೊಸದು ತಂದಿದ್ದಾರೆ ಅಂದುಕೊಂಡರೋ ಏನೋ, ಏನೂ ಅನ್ನಲಿಲ್ಲ. ಕಾಫಿ ಕೊಟ್ಟೆ. ಇವರು ಹವಾಮಾನ, ಮೆಟ್ರೋ, ಕೆ.ಆರ್. ಪುರಂ ಸೇತುವೆಯ ಟ್ರಾಫಿಕ್ಕು ಅಂತ ಮಾತು ಎಳೆದರು. ಪೂಜಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಬೀಗಿತ್ತಿ ಎದ್ದು ರೂಮಿಗೆ ಬಂದರು, ಮಂಚಕ್ಕೆ ಹೂವು ಇಡಬೇಕಲ್ಲ. ನೋಡಿದವರೇ ಹೊಸ್ತಿಲಲ್ಲಿ ನಿಂತುಬಿಟ್ಟರು.

"ಇದೇನ್ರೀ ಭಾಗ್ಯಮ್ಮ? ಯಾರಾದ್ರೂ ಮಾಟ ಗೀಟ ಮಾಡಿಸಿದ್ರಾ?"

"ಇಲ್ಲ, ನಾನೇ ಬಳಿದಿದ್ದು."

"ಯಾಕೆ?"

ನೀನು ನನ್ನ ಬಾಯಿಯ ವಿಷಯ ಬರೆದಿದ್ದೆಯಲ್ಲ, ಅದು ಆಗ ತೆರೆಯಿತು. ನಾನೇನೂ ಕೂಗಲಿಲ್ಲ. ಕಾಫಿಗೆ ಸಕ್ಕರೆ ಬೇಡ ಅನ್ನುವ ಹಾಗೆ, "ಪೂಜಿತಾನ ಕೊಡಲ್ಲ" ಅಂದೆ.

"ಮಂಚ ಇಸ್ಕೊಂಡಾಗ ಈ ಬಾಯಿ ಎಲ್ಲಿತ್ತು?" ಅಂದರು.

"ಇರಲಿಲ್ಲ" ಅಂದೆ. ನಿಜ ತಾನೇ.

ಅವರ ಅಣ್ಣ ಇವರ ಕಡೆ ತಿರುಗಿ, "ಏನ್ ಭೀಮೇಶಪ್ಪ, ನಿಮ್ಮ ಮನೇಲಿ ಯಾರ ಮಾತು ನಡೆಯೋದು?" ಅಂದರು. ಇವರು ತಲೆ ತಗ್ಗಿಸಿಕೊಂಡಿದ್ದರು. ನಾನು ಇವರನ್ನು ನಂಬಿರಲಿಲ್ಲ ಕಮರೂ, ಸುಳ್ಳು ಯಾಕೆ ಹೇಳಲಿ. ಆದರೆ ಇವರು ಪೂಜಿತಾ ನಿಂತಿದ್ದ ಬಾಗಿಲ ಕಡೆ ನೋಡಿ, "ಅವಳಮ್ಮ ಹೇಳಿದ್ದೇ" ಅಂದರು. ಅಷ್ಟೇ. ಅಷ್ಟು ಸಾಕಾಯಿತು.

ಬೀಗಿತ್ತಿ ಜಗಳ ಆಡುತ್ತಾರೆ ಅಂದುಕೊಂಡಿದ್ದೆ. ಅವರು ಅತ್ತುಬಿಟ್ಟರು. "ನನಗೆ ವಯಸ್ಸಾಯ್ತು ಕಣ್ರೀ, ಮಗುಗೆ ಜಡೆ ಹಾಕೋಕೂ ಕೈ ನಡುಗುತ್ತೆ. ನಾನು ಯಾರ ಹತ್ರ ಹೋಗ್ಲಿ?" ಅಂದರು. ಅವರ ಅಳು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ನೋಡು ಎಂಥ ಹೆಂಗಸು ನಾನು. "ಮಗುನ ಇಲ್ಲಿ ಬಿಡಿ, ನಾನು ನೋಡ್ಕೋತೀನಿ, ಸುಗತ ಬಂದು ಹೋಗ್ಲಿ" ಅಂದೆ. ಅವರು ಕಣ್ಣು ಒರೆಸಿಕೊಂಡು, "ಮಗಳೂ ನಿಮಗೆ, ಮೊಮ್ಮಗಳೂ ನಿಮಗೆ. ನನ್ನ ಮಗನಿಗೆ ಏನು, ಈ ಕರೀ ಮಂಚಾನಾ?" ಅಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ, "ಇನ್ಮೇಲೆ ಮೈತ್ರಿ ಈ ಮೆಟ್ಟಿಲು ಹತ್ತಲ್ಲ" ಅಂದರು.

ಸುಗತ ಕೊನೆಗೆ ಉಳಿದ. ರೂಮಿಗೆ ಹೋಗಿ ಮಂಚದ ಅಂಚಿನಲ್ಲಿ ಕೂತು, ಅಂಗೈ ಆಡಿಸಿ, "ಚೆನ್ನಾಗಿ ಬಂದಿದೆ ಅತ್ತೆ" ಅಂದ. ಪೂಜಿತಾ ಕಡೆ ನೋಡಿ, "ನನ್ನನ್ನ ಯಾರೂ ಕೇಳ್ಲೇ ಇಲ್ಲ ಪೂಜಿ. ನೀನು ಬೇಜಾರ್ ಮಾಡ್ಕೋಬೇಡ" ಅಂದ. ಅವನ ಭುಜದಿಂದ ಗೋಣಿಚೀಲ ಇಳಿಸಿದ ಹಾಗೆ ಕಾಣಿಸಿತು. ಮಗುವಿನ ವಿಷಯ ಕೇಳಿದೆ. "ಅಮ್ಮ ತಣ್ಣಗಾಗ್ಲಿ, ಆಮೇಲೆ ನೋಡೋಣ" ಅಂದ. ಅವನು ಅವರಮ್ಮನ ಮಾತು ಮೀರುವವನಲ್ಲ. ಮೀರುವವನಾಗಿದ್ದರೆ ಈ ಮಾತು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

ಬುಧವಾರ ಆಟೋದಲ್ಲಿ ಪಾತ್ರೆಗಳು ಬಂದವು. ಸೀರೆಗಳೂ ಬಂದವು, ಎರಡು ಗಂಟು. ಯಾರೂ ಮೇಲೆ ಹತ್ತಲಿಲ್ಲ, ಆಟೋದವನೇ ತಂದು ಇಟ್ಟು ಹೋದ. ಸಂಬಂಧ ಮುಗಿಯಿತು ಅಂತ ಗಲ್ಲಿಗೆಲ್ಲ ಗೊತ್ತಾಯಿತು. ಇಡ್ಲಿ ಪಾತ್ರೆಯನ್ನು ಅತ್ತೆ ತೊಳೆದು ಒಲೆಯ ಮೇಲಿಟ್ಟರು. ಗುರುವಾರ ಅದರಲ್ಲೇ ಇಡ್ಲಿ ಮಾಡಿ ತಿಂದೆವು. ಎಲ್ಲರೂ ಸಲೀಸಾಗಿ ತಿಂದೆವು.

ಪೂಜಿತಾ ಈಗ ಮಾತಾಡುತ್ತಾಳೆ. ಕಣ್ಣು ಪರೀಕ್ಷೆಯ ಕೋರ್ಸಿಗೆ ಸೇರಬೇಕಂತೆ, ಅಂಗಡಿಯ ಓನರ್ ಟೈಮ್ ಅಡ್ಜಸ್ಟ್ ಮಾಡಿಕೊಡುತ್ತಾನಂತೆ. ಬೆಳಗ್ಗೆ ಬಾತ್‌ರೂಮಿನಲ್ಲಿ ಅವಳು ಹಾಡುವುದು ಕೇಳಿ ನನಗೆ ಖುಷಿಯಾಗಬೇಕು. ಆಗುತ್ತಿದೆ ಅಂತ ಇಟ್ಟುಕೋ, ಎಲ್ಲೋ ಒಳಗೆ ಆಗುತ್ತಿರಬಹುದು, ನನಗೆ ಇನ್ನೂ ಬಂದು ಮುಟ್ಟಿಲ್ಲ.

ಇವರು ಮಾತ್ರ ಕೆಲಸದಿಂದ ಬಂದವರು ಕಪ್ಪು ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮಗುವಿನ ಹಳೆಯ ವೀಡಿಯೊ ನೋಡುತ್ತಿರುತ್ತಾರೆ. ನನಗೆ ಒಂದು ಮಾತೂ ಅಂದಿಲ್ಲ. ಅಂದಿದ್ದರೆ ವಾಸಿಯಿತ್ತು.

ಸುಗತ ಒಂದು ಮೆಸೇಜ್ ಕಳಿಸಿದ್ದ. ಮೈತ್ರಿಯನ್ನು ಅಂಗನವಾಡಿಗೆ ಸೇರಿಸಿದ್ದಾರಂತೆ. ನಿಮ್ಮ ಬೀದಿಯ ಕೊನೆಯಲ್ಲಿ ಇದೆಯಲ್ಲ, ನೀಲಿ ಗೇಟಿನದು, ಅದಕ್ಕೇ. ನಿನ್ನ ಬಾಲ್ಕನಿ ಕೆಳಗೇ ದಿನಾ ಹೋಗಿಬರುತ್ತಿರಬೇಕು.

ಸೊಂಟಕ್ಕೆ ಬಿಸಿನೀರಿನ ಶಾಖ ತಪ್ಪಿಸಬೇಡ. ಕುಲ್ಸುಂ ಬಸುರಿ ಅಂತ ಬರೆದಿದ್ದೆಯಲ್ಲ, ಸುಖವಾಗಿ ಹೆರಲಿ, ತಾಯಿ ಮಗು ನೂರು ಕಾಲ ಚೆನ್ನಾಗಿರಲಿ. ನೀನು ನಡೆಯುವ ಹಾಗಾದ ದಿನ ಮೆಟ್ರೋ ಹತ್ತಿ ಬಾ, ಹಲಸೂರು ಸ್ಟೇಷನ್ನಿನಲ್ಲಿ ನಾನೇ ಬಂದು ನಿಂತಿರುತ್ತೇನೆ.

ನಿನ್ನ,
ಭಾಗ್ಯಾ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಒಂದು ವಿಷಯ ಬರೆಯದೆ ಬಿಟ್ಟಿದ್ದೆ. ಅವತ್ತು ಅವರ ಜೊತೆ ಮೈತ್ರಿಯೂ ಬಂದಿದ್ದಳು. ಆ ಮಂಚ ನಮ್ಮ ಮನೆಗೆ ಬಂದಾಗಿನಿಂದ, ಅವಳು ಬಂದಾಗಲೆಲ್ಲ ಅದರ ಮೇಲೆ ಗೋಡೆಯ ಕಡೆಗೆ ಸರಿದು, ಅವಳಮ್ಮ ಮಲಗುತ್ತಿದ್ದಷ್ಟು ಜಾಗ ಬಿಟ್ಟು ಮಲಗುತ್ತಿದ್ದಳು. ಅವತ್ತೂ ದೊಡ್ಡವರು ಕಾಫಿ ಕುಡಿಯುವಾಗ ಚಪ್ಪಲಿ ಬಿಟ್ಟು ನೇರ ರೂಮಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಆಚೆ ಬಂದು, "ಅಜ್ಜಿ, ಅಮ್ಮನ ಮಂಚ ಎಲ್ಲಿ?" ಅಂದಳು. ಒಳಗೆ ಕರೆದುಕೊಂಡು ಹೋಗಿ, "ಇದೇ ಕಣೇ ಬಂಗಾರ" ಅಂದೆ. "ಇದಲ್ಲ" ಅಂದಳು. ಬಗ್ಗಿ ಕೆಳಗೆ ನೋಡಿದಳು, ಬಾಗಿಲ ಹಿಂದೆ ನೋಡಿದಳು, ಬಚ್ಚಲಿಗೂ ಹೋಗಿ ನೋಡಿಕೊಂಡು ಬಂದಳು. ಒಂದು ಕಡೆ ಕೆರೆದು ಒಳಗಿನ ಮರ ತೋರಿಸೋಣ ಅಂತ ಉಗುರು ಹಾಕಿದೆ. ಬಣ್ಣ ಏಳಲಿಲ್ಲ. ಬೀಗಿತ್ತಿ ಎದ್ದು ರೂಮಿಗೆ ಬಂದದ್ದು ಹೂವಿಡಲು ಅಲ್ಲ, ಇದನ್ನು ಕೇಳಿ. ಮಗು ಅಳಲಿಲ್ಲ, ಹೋಗಿ ಅವರ ಸೀರೆ ಹಿಡಿದುಕೊಂಡು ನಿಂತಿತು. ಒಬ್ಬ ಮಗಳನ್ನು ಉಳಿಸಿಕೊಳ್ಳಲು ಇನ್ನೊಬ್ಬಳನ್ನು ಅವಳ ಮಗುವಿನ ಕೈಯಿಂದ ನಾನೇ ಕಿತ್ತುಕೊಂಡೆ ಕಮರೂ. ಬೇರೆ ದಾರಿ ಇತ್ತಾ ಅಂತ ದಿನಾ ಯೋಚಿಸುತ್ತೇನೆ, ಕಾಣುವುದಿಲ್ಲ.

ಅವಳು ಬಾಲ್ಕನಿ ಕೆಳಗೆ ಹೋಗುವಾಗ ಕರೆದು ಮಾತಾಡಿಸು. ನಿನ್ನ ಗುರುತು ಅವಳಿಗಿದೆ. ಅಮ್ಮನ ಮಂಚ ಅಜ್ಜಿ ಮನೆಯಲ್ಲೇ ಇದೆ, ಯಾರಿಗೂ ಕೊಟ್ಟಿಲ್ಲ ಅಂತ ಹೇಳು. ಯಾವ ಬಣ್ಣ ಅಂತ ಕೇಳಿದರೆ, ಮೊದಲಿದ್ದ ಬಣ್ಣವೇ ಅಂದುಬಿಡು.